ಗುರುವಿನ ಎದೆಯಲ್ಲಿ ಕೂತ ತಾಯಿತ

ಮೂರ್ತಿ ಮಾಡುವವನ ಹೆಂಡತಿಗೆ ಮುಂದಿನ ಜನ್ಮದ ಚಿಂತೆಯಿಲ್ಲ ಎಂದು ನಮ್ಮೂರಿನವರು ಹೇಳುತ್ತಾರೆ. ಹೇಳುವುದಕ್ಕೇನು, ನಾಲಿಗೆಗೆ ಎಲುಬಿಲ್ಲ. ಹೊಳೆಯಾಚೆಯಿಂದ ಮಣ್ಣು ಹೊತ್ತು ತಂದು, ಜರಡಿ ಹಿಡಿದು, ನೆನೆಸಿದ ತೊಗಟೆ ಕಾಗದ ಸೇರಿಸಿ, ರೊಟ್ಟಿ ಹಿಟ್ಟಿನ ಹದಕ್ಕೆ ಬರುವವರೆಗೆ ಕುಟ್ಟುವವರು ನಾವು ಹೆಂಗಸರು. ಆಮೇಲೆ ನನ್ನ ಗಂಡ ಗೆಂಬೋ ಬಂದು ಮೂಗು ಎಳೆದು, ಹುಬ್ಬು ತೀಡಿ, ಊರಿನ ಬಾಯಲ್ಲಿ ‘ಲೋಪೆನ್’ ಅನ್ನಿಸಿಕೊಳ್ಳುತ್ತಾನೆ. ಲೋಪೆನ್ ಎಂದರೆ ಮೇಷ್ಟ್ರು. ಮನೆಗೆ ಒಂದು ಸೌದೆ ಒಡೆದುಕೊಡದ ಮೇಷ್ಟ್ರು.

ಈ ಸಲದ ಮೂರ್ತಿ ನಮ್ಮ ಬೆಟ್ಟಗಳಿಗೆ ಬುದ್ಧನ ಧರ್ಮ ತಂದ ಗುರು ರಿಂಪೋಚೆಯದು, ಎರಡಾಳು ಎತ್ತರ. ಊರಾ ಎಂಬ ಕಣಿವೆಯ ಮೇಲ್ಗಡೆ ಇರುವ ನಮ್ಮ ಪುಟ್ಟ ಗುಡಿ ಭೂಕಂಪಕ್ಕೆ ಬಿರುಕು ಬಿಟ್ಟು, ಹಳೆಯ ಮೂರ್ತಿ ತುಂಡು ತುಂಡಾಗಿ, ಹೊಸದು ಮಾಡಬೇಕಾಗಿ ಬಂದಿತ್ತು. ಮೂರ್ತಿ ಒಳಗಡೆ ಟೊಳ್ಳಾಗಿರುತ್ತದೆ. ಬೆನ್ನಲ್ಲಿ ಒಂದು ಕಿಂಡಿ ಬಿಟ್ಟಿರುತ್ತಾರೆ. ಅದರಿಂದ ಒಳಗೆ ಬೆನ್ನೆಲುಬಿನ ಹಾಗೆ ಜೀವದ ಕೋಲು ನಿಲ್ಲಿಸಿ, ಮಂತ್ರ ಬರೆದ ಸುರುಳಿಗಳನ್ನು ಒತ್ತೊತ್ತಾಗಿ ತುಂಬುತ್ತಾರೆ. ಕೊನೆಗೆ ಊರಿನವರು ಒಬ್ಬೊಬ್ಬರೇ ಬಂದು ತಮ್ಮ ಮನೆಯಲ್ಲಿರುವ ಅತಿ ಪ್ರೀತಿಯ ವಸ್ತುವನ್ನು ಒಪ್ಪಿಸುತ್ತಾರೆ. ಹವಳ, ಬೆಳ್ಳಿ ಬಟ್ಟಲು, ತಾಯಿಯ ಮದುವೆಯ ಸರ, ಹೀಗೆ. ಹೆಚ್ಚಿನವು ಸತ್ತವರ ಹೆಸರಿನಲ್ಲಿ. ಬೇಡದ್ದನ್ನು ತಂದು ಕೊಟ್ಟರೆ ಪುಣ್ಯ ಬರುವುದಿಲ್ಲ, ಕೊಡುವಾಗ ಕೈ ನಡುಗಬೇಕು ಅನ್ನುತ್ತಾರೆ ಹಿರಿಯರು. ಕಿಂಡಿ ಮುಚ್ಚಿ, ಬಣ್ಣ ಹಚ್ಚಿ, ಲಾಮಾ ಬಂದು ಪ್ರಾಣಪ್ರತಿಷ್ಠೆ ಮಾಡಿದ ಮೇಲೆ ಅವನು ಗುರು. ಮಾಡಿದ ಗೆಂಬೋ ಕೂಡ ಆಮೇಲೆ ದೂರ ನಿಂತು ಅಡ್ಡಬೀಳಬೇಕು.

ಪ್ರತಿಷ್ಠೆಯ ಹಿಂದಿನ ದಿನ ಮಧ್ಯಾಹ್ನ ನಾನು ಗುಡಿಯ ಅಂಗಳದಲ್ಲಿ ಬೆಣ್ಣೆದೀಪದ ಬಟ್ಟಲುಗಳಿಗೆ ಬೂದಿ ಹಾಕಿ ತಿಕ್ಕುತ್ತಿದ್ದೆ. ಪಕ್ಕದ ಮನೆಯ ಯೂದೆನ್ ಓಡಿ ಬಂದಳು. ಓಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಮೊಂಗರಿನ ಆಸ್ಪತ್ರೆಯಿಂದ ಆಗ ತಾನೇ ಬಂದಿಳಿದಿದ್ದಳು. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು, ಇನ್ನೊಂದರಲ್ಲಿ ಹೊಸ ಫೋನು.

“ಅಕ್ಕಾ, ಲೋದೇನ ತಾಯಿತ ಎಲ್ಲಿ? ದೇವರ ಮುಂದೆ ಇಟ್ಟಿದ್ದೆ, ಇಲ್ಲ.”

ಲೋದೇ ಅವಳ ಒಬ್ಬನೇ ಮಗ. ಆಲೂಗಡ್ಡೆ ಸಾಗಿಸುವ ಪಿಕಪ್ ಓಡಿಸುತ್ತಿದ್ದ. ಮಳೆಗಾಲದ ಕೊನೆಯಲ್ಲಿ ಥ್ರುಮ್ಶಿಂಗ್ ಘಾಟಿಯಲ್ಲಿ ಗುಡ್ಡ ಜರಿದು ಗಾಡಿಯ ಸಮೇತ ಹೋದ. ಅವನಪ್ಪ ಯಾವಾಗಲೋ ಬೇರೆ ಮನೆ ಸೇರಿದ್ದ. ಸುಡುವ ದಿನ ಬಂದು ಒಂದು ಮೂಟೆ ಅಕ್ಕಿ ಇಟ್ಟು, ಅತ್ತು, ಹೋದ. ಆ ಮನೆಯಲ್ಲಿ ಈಗ ಉಳಿದವರು ಯೂದೆನ್ ಮತ್ತು ಅವಳ ತಾಯಿ. ಆ ಮುದುಕಿಯನ್ನು ಊರೆಲ್ಲ ‘ಅಂಗೇ’, ಅಂದರೆ ಅಜ್ಜಿ, ಎಂದೇ ಕರೆಯುತ್ತದೆ. ತಾಯಿತ ಎಂದರೆ ಲೋದೇ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಬೆಳ್ಳಿಯ ಪುಟ್ಟ ಡಬ್ಬಿ, ಒಳಗೆ ಲಾಮಾ ಕಟ್ಟಿಕೊಟ್ಟ ದಾರ. ನಮ್ಮ ಕಡೆ ಅದಿಲ್ಲದೆ ಯಾರೂ ದೂರದ ದಾರಿ ಹಿಡಿಯುವುದಿಲ್ಲ. ಅವನು ಮಾತ್ರ ಅವತ್ತು ಅದನ್ನು ಗೂಟದಲ್ಲೇ ಮರೆತು ಹೋಗಿದ್ದ.

ನನಗೆ ಅವಳ ಪ್ರಶ್ನೆ ಕೇಳಿ ಖುಷಿಯೇ ಆಯಿತು. ಒಳ್ಳೆಯ ಸುದ್ದಿ ಹೇಳುವ ಸರದಿ ನನ್ನದು ಅಂದುಕೊಂಡೆ.

“ಎಲ್ಲಿರತ್ತೆ ಕಣೇ, ಗುರುವಿನ ಎದೇಲೇ ಇದೆ! ಕಿಂಡಿ ಮುಚ್ಚೋ ದಿನ ಅಂಗೇ ತಂದು ಕೊಟ್ಳು. ಎರಡೂ ಕೈಯಲ್ಲಿ ಹಿಡ್ಕೊಂಡು ಬಂದ್ಳು, ನಾವೆಲ್ಲ ಅತ್ತುಬಿಟ್ವಿ. ಬೇರೆಯವರದ್ದೆಲ್ಲ ಹೊಟ್ಟೆಗೆ ಹೋಯ್ತು, ಇದೊಂದನ್ನ ಮಾತ್ರ ನಿಮ್ಮ ಲೋಪೆನ್ ಎದೆ ಹತ್ರಾನೇ ಇಟ್ರು.”

ಯೂದೆನ್ ಮೆಟ್ಟಿಲ ಮೇಲೆ ಕುಸಿದಳು. ಹೊಲಿಗೆ ಬಿಚ್ಚಿತೇನೋ ಎಂದು ನಾನು ಬೂದಿ ಕೈಯಲ್ಲೇ ಅವಳ ಹೊಟ್ಟೆ ಮುಟ್ಟಿ ನೋಡಿದೆ.

“ಅದರೊಳಗೆ ಕಾರ್ಡ್ ಇತ್ತು ಅಕ್ಕಾ. ಫೋನಿನ ಮೆಮೊರಿ ಕಾರ್ಡು. ಅವನ ಮಾತೆಲ್ಲ ಅದ್ರಲ್ಲಿತ್ತು.”

ಆ ಮಾತುಗಳು ನಮಗೆಲ್ಲ ಗೊತ್ತಿದ್ದವೇ. ಯೂದೆನ್‌ಗೆ ಓದು ಬರಹ ಬರುವುದಿಲ್ಲ. ಲೋದೇ ದೂರ ಹೊರಡುವ ಮೊದಲು ಅಮ್ಮನ ಬಟನ್ ಫೋನಿನಲ್ಲಿ ಹೇಳಬೇಕಾದ್ದನ್ನೆಲ್ಲ ಮಾತಾಡಿ ತುಂಬಿಸಿಡುತ್ತಿದ್ದ. ‘ಆಮಾ, ಮಾತ್ರೆ ನುಂಗಿದ್ಯಾ? ಸುಳ್ಳು ಹೇಳ್ಬೇಡ.’ ‘ಆಮಾ, ಕೆಂದ ಹಸು ಕುಂಟ್ತಿದೆ, ದನದ ಡಾಕ್ಟ್ರು ಬಂದಾಗ ತೋರ್ಸು.’ ‘ಅಂಗೇ ಕೇಳಿದ್ಲು ಅಂತ ಅಡಿಕೆ ಕೊಡ್ತಾ ಇರ್ಬೇಡ, ಜಗಿಯಕ್ಕೆ ಹಲ್ಲೆಲ್ಲಿದೆ ಅವ್ಳಿಗೆ.’ ಹೊಲದಲ್ಲಿ ಆಲೂಗಡ್ಡೆ ಕೀಳುವಾಗ ಯೂದೆನ್ ಇವನ್ನು ಜೋರಾಗಿ ಹಾಕುತ್ತಿದ್ದಳು, ನಾವೆಲ್ಲ ಸೊಂಟ ಹಿಡಿದುಕೊಂಡು ನಗುತ್ತಿದ್ದೆವು. ಸಾವಿನ ಸುದ್ದಿ ಬಂದ ದಿನ ಆ ಫೋನು ಅವಳ ಕೈ ಜಾರಿ ಮೇವಿನ ನೀರಿನ ಹಂಡೆಗೆ ಬಿತ್ತು. ಪೇಟೆಯ ಅಂಗಡಿಯವನು ಬಿಚ್ಚಿ ನೋಡಿ, ಫೋನು ಹೋಯಿತು, ಕಾರ್ಡು ಬದುಕಿದೆ, ಬೇರೆ ಫೋನಿಗೆ ಹಾಕಿದರೆ ಮಾತಾಡುತ್ತದೆ ಅಂದನಂತೆ. ಅವತ್ತು ಹೊಸ ಫೋನು ಕೊಳ್ಳುವ ಮನಸ್ಸು ಯಾರಿಗಿತ್ತು? ಉಗುರಿನಷ್ಟು ವಸ್ತು, ಕಳೆದೀತು ಎಂದು ಅದನ್ನು ಮಗನ ತಾಯಿತದ ಡಬ್ಬಿಯಲ್ಲಿ ಹಾಕಿ ದೇವರ ಮುಂದೆ ಇಟ್ಟಳು. ಇಡೀ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಯಾವುದಿದೆ? ನಾನಾಗಿದ್ದರೂ ಅಲ್ಲೇ ಇಡುತ್ತಿದ್ದೆ. ಆಮೇಲೆ ಹೊಟ್ಟೆನೋವು ಬಂದು ಆಸ್ಪತ್ರೆ ಸೇರಿದಳು. ಅಲ್ಲಿ ಅವಳ ತಮ್ಮ ಈ ಹೊಸ ಫೋನು ಕೊಡಿಸಿದ. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಳಂತೆ, ಮನೆ ಸೇರಿದ ಕೂಡಲೇ ಮಗನ ಮಾತು ಕೇಳಬೇಕು ಎಂದು.

“ಅಂಗೇಗೆ ಹೇಳಿದ್ಯಾ?” ಅಂದೆ.

“ಇಲ್ಲ. ತಾಯಿತ ಎಲ್ಲಿ ಅಂತ ಅವಳನ್ನೇ ಕೇಳೋಣ ಅಂದ್ರೆ, ಅವಳು ಮನೇಲಿಲ್ಲ.”

“ಏಳು. ಅಳೋದು ಆಮೇಲೆ. ಪ್ರತಿಷ್ಠೆ ಇರೋದು ನಾಳೆ. ಇವತ್ತಿಗಿನ್ನೂ ಅದು ನಾನು ಕುಟ್ಟಿದ ಮಣ್ಣೇ.”

ಗೆಂಬೋ ಒಳಗೆ ಏಣಿಯ ಮೇಲೆ ನಿಂತು ಗುರುವಿನ ಕಿರೀಟದ ಅಂಚಿಗೆ ಚಿನ್ನದ ಬಣ್ಣ ಎಳೆಯುತ್ತಿದ್ದ. ಕೆಳಗಿಳಿಯಲು ಹೇಳಿ, ಗುಡಿಯ ಹಿಂಬದಿಗೆ ಕರೆದುಕೊಂಡು ಹೋಗಿ, ಪಿಸುಮಾತಿನಲ್ಲಿ ಎಲ್ಲ ಹೇಳಿದೆ. ನನ್ನ ಪಿಸುಮಾತು ಮೂರು ಮನೆಗೆ ಕೇಳಿಸುತ್ತದೆ, ಅದು ಬೇರೆ ವಿಷಯ. ಅವನು ಬ್ರಶ್ಶಿನ ತುದಿ ಒರೆಸುತ್ತ ನಿಂತ.

“ಏನ್ ನಿಂತಿದೀಯಾ ಕಂಬದ ಥರ? ಉಳಿ ತಗೋ. ಕಿಂಡಿ ತೆಗಿ, ಕೈ ಹಾಕು, ಡಬ್ಬಿ ತೆಗಿ, ಮುಚ್ಚು. ಬಣ್ಣ ಒಣಗೋಕೆ ರಾತ್ರಿಯೆಲ್ಲಾ ಇದೆ.”

“ಏನು, ಗುರುವಿನ ಮನೆಗೆ ಕನ್ನ ಹಾಕು ಅಂತೀಯಾ?”

“ಮನೆ ಕಟ್ಟಿದೋನು ನೀನೇ ಅಲ್ವಾ!”

“ಕಟ್ಟಿದೋನು ನಾನು. ಒಳಗಿರೋದು ನಂದಲ್ಲ.” ಅವನು ಯೂದೆನ್ ಮುಖ ನೋಡಿ ದನಿ ತಗ್ಗಿಸಿದ. “ಲಾಮಾಗೆ ಫೋನ್ ಮಾಡ್ತೀನಿ ತಂಗೀ. ಅವರು ಹ್ಞೂಂ ಅಂದ್ರೆ ಈ ಕ್ಷಣ ತೆಗೀತೀನಿ.”

ಲಾಮಾ ಆಗಲೇ ದಾರಿಯಲ್ಲಿದ್ದರು, ಸಂಜೆಗೆ ತಲುಪುವವರಿದ್ದರು. ಗೆಂಬೋ ಅಂಗಳದ ಮೂಲೆಯಲ್ಲಿ, ಸಿಗ್ನಲ್ ಸಿಗುವ ಕಲ್ಲಿನ ಮೇಲೆ ಹತ್ತಿ, ಸೊಂಟ ಬಗ್ಗಿಸಿಕೊಂಡೇ ಮಾತಾಡಿದ. ಕಾಣದ ಲಾಮಾಗೂ ಬಗ್ಗುವ ಮನುಷ್ಯ ಅವನು. ಇಳಿದು ಬಂದು ಹೇಳಿದ: “ತೆಗೀಬಹುದಂತೆ.”

ಯೂದೆನ್ ನನ್ನ ಕೈ ಹಿಡಿದುಕೊಂಡಳು.

“ಆದ್ರೆ ಕೊಟ್ಟ ಕೈಯೇ ವಾಪಸ್ ಕೇಳ್ಬೇಕಂತೆ. ಸತ್ತವರ ಹೆಸರಲ್ಲಿ ಒಪ್ಪಿಸಿದ್ದನ್ನ ಕೊಟ್ಟೋರು ಬಾಯ್ಬಿಟ್ಟು ಕೇಳಿದ್ರೆ ಕೊಡಬಹುದು. ಬೇರೆಯವರು ಕೈ ಹಾಕಿದ್ರೆ ಅದು ಕಳ್ಳತನ, ಅದರ ಪಾಪ ದಾರೀಲಿರೋ ಸತ್ತವನಿಗೇ ಹತ್ತತ್ತೆ ಅಂದ್ರು.”

ಲೋದೇನ ನಲವತ್ತೊಂಬತ್ತನೆಯ ದಿನದ ಪೂಜೆ ಇನ್ನೂ ಆಗಿರಲಿಲ್ಲ. ಹುಡುಗ ಇನ್ನೂ ಮುಂದಿನ ಜನ್ಮದ ದಾರಿಯಲ್ಲೇ ಇದ್ದ.

“ಅಷ್ಟೇ ತಾನೇ?” ಅಂದೆ ನಾನು. “ಅಂಗೇಗೆ ಹೇಳಿದ್ರಾಯ್ತು. ಮಗಳಿಗೋಸ್ಕರ ಅಷ್ಟು ಕೇಳಲ್ವಾ ಮುದುಕಿ? ನಾನೇ ಹೇಳ್ತೀನಿ, ನೀವಿಬ್ರೂ ಬಾಯಿಗೆ ಬೀಗ ಹಾಕ್ಕೊಂಡು ನಿಂತ್ಕೊಳ್ಳಿ.”

ಅಂಗೇಯನ್ನು ಹುಡುಕುವ ಕಷ್ಟವೇ ಇರಲಿಲ್ಲ. ನಾವು ಹಿಂಬದಿಯಿಂದ ಸುತ್ತಿ ಬರುವಷ್ಟರಲ್ಲಿ ಅವಳು ಗುಡಿಯೊಳಗೆ, ಗುರುವಿನ ಎದುರೇ ಚಕ್ಕಳಮಕ್ಕಳ ಹಾಕಿ ಕೂತು ಮಣಿ ಎಣಿಸುತ್ತಿದ್ದಳು. ನಾನು ಹೊಸಿಲು ದಾಟಬೇಕು ಅನ್ನುವಾಗ ಹೊರಗೆ ಗಾಡಿ ನಿಂತ ಸದ್ದಾಯಿತು. ನೋಡಿದರೆ ಪ್ರವಾಸಿಗಳು. ನಾಲ್ಕು ಜನ ವಿದೇಶಿಯರು, ಜೊತೆಗೆ ಪಾರೋ ಕಡೆಯ ಗೈಡು, ನಡುವಯಸ್ಸಿನ ಮನುಷ್ಯ. ಮೂರ್ತಿ ಮಾಡುವುದನ್ನು ನೋಡಬೇಕಂತೆ. ಎರಡು ವರ್ಷದಿಂದ ಹೀಗೆಯೇ, ವಾರಕ್ಕೊಂದು ತಂಡ ಬಂದು ಗೆಂಬೋನ ಕೈ ಬೆರಳಿನ ಫೋಟೋ ತೆಗೆದುಕೊಂಡು ಹೋಗುತ್ತದೆ. ನನ್ನ ಒನಕೆಯ ಫೋಟೋ ಯಾರೂ ತೆಗೆದಿಲ್ಲ. ಬೇರೆ ದಿನವಾಗಿದ್ದರೆ ಚಹಾ ಕಾಯಿಸಿಕೊಡುತ್ತಿದ್ದೆ. ಅವತ್ತು ಅವರನ್ನು ಹೊಸಿಲಲ್ಲೇ ತಡೆದು ನಿಲ್ಲಿಸೋಣ ಅನ್ನಿಸಿತು. ಹೋಗಿ ಅನ್ನುವುದಕ್ಕಾಗುತ್ತದೆಯೇ? ಗುಡಿ ನೋಡಲು ಬಂದವರನ್ನು ಓಡಿಸಿದರೆ ಊರು ನನ್ನನ್ನು ಓಡಿಸುತ್ತದೆ. ಹಲ್ಲು ಕಿರಿದು ಒಳಗೆ ಬಿಟ್ಟೆ.

ಅವರಲ್ಲಿ ಒಬ್ಬಳು ಬಿಳಿಕೂದಲಿನ ಹೆಂಗಸು ಅಂಗೇಯ ಎದುರು ಮಂಡಿಯೂರಿ ಕೂತು ಏನೋ ಕೇಳಿದಳು. ಗೈಡು ನಮ್ಮ ಮಾತಿಗೆ ತಂದು ಹೇಳಿದ: “ಅಂಗೇ, ಈ ಮೂರ್ತಿಯೊಳಗೆ ಏನೇನಿದೆ ಅಂತ ಕೇಳ್ತಿದಾರೆ. ನೀವೂ ಏನಾದ್ರೂ ಹಾಕಿದೀರಾ?”

“ಹಾಕ್ದೆ ಇರ್ತೀನಾ?” ಅಂಗೇ ಮಣಿಸರ ಕೆಳಗಿಟ್ಟಳು. ಕಣ್ಣಲ್ಲಿ ಪೊರೆ ಬಂದು ವರ್ಷಗಳಾಗಿವೆ, ಬಾಗಿಲಲ್ಲಿ ನಿಂತಿದ್ದ ನಾವು ಅವಳಿಗೆ ಬರೀ ನೆರಳು. “ಮೊಮ್ಮಗನ ತಾಯಿತ ಹಾಕಿದೀನಿ. ಗಾಡಿ ಓಡಿಸ್ತಿದ್ದ. ಹೋದ.”

“ಅಯ್ಯೋ. ತಾಯಿತ ಕೊರಳಲ್ಲಿ ಇರ್ಲಿಲ್ವಾ ಅಂಗೇ?”

“ಇರ್ಲಿಲ್ಲ. ಎಲ್ರೂ ಹುಡುಗ ಮರೆತ ಅಂತಾರೆ. ನನ್ ಮಗಳೂ ಹಂಗೇ ಅಂದ್ಕೊಂಡಿದಾಳೆ.” ಅವಳು ಗೈಡಿನ ಮೊಣಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. “ನೀನು ಹೊರಗಿನೋನು, ಇವತ್ತು ಬಂದು ಇವತ್ತೇ ಹೋಗೋನು, ಅದಕ್ಕೆ ಹೇಳ್ತೀನಿ. ಅವತ್ತು ಬೆಳಿಗ್ಗೆ ನಾನು ಒಲೆ ಮುಂದೆ ಕೂತಿದ್ದೆ. ಗಾಡಿ ಶುರು ಆಯ್ತು. ಪಕ್ಕದ ಗೋಡೆಯ ಗೂಟಕ್ಕೆ ಕೈ ತಾಗ್ತು, ತಾಯಿತ ಅಲ್ಲೇ ನೇತಾಡ್ತಿದೆ. ಬಾಗ್ಲಿಗೆ ಹೋಗಿ ಒಂದು ಕೂಗು ಹಾಕಿದ್ರೆ ಸಾಕಿತ್ತಪ್ಪಾ, ನಿಲ್ಲಿಸ್ತಿದ್ದ. ಚಳಿ. ಮಂಡಿ ಬೇರೆ ಹಿಡ್ಕೊಂಡಿತ್ತು. ಹೋಗ್ಲಿ ಬಿಡು, ನಾಳೆ ಬರ್ತಾನಲ್ಲ ಅಂದ್ಕೊಂಡೆ. ಬಿಸಿ ಚಹಾ ಇತ್ತು ಕೈಯಲ್ಲಿ. ಅದನ್ನ ಕುಡ್ಕೊಂಡು ಕೂತೆ.”

ಬಿಳಿಕೂದಲಿನ ಹೆಂಗಸು ಅವಳ ಮಾತು ತಿಳಿಸಲಿ ಎಂದು ಗೈಡಿನ ಮುಖ ನೋಡುತ್ತಿದ್ದಳು.

“ಆವತ್ತಿಂದ ಒಂದು ತುತ್ತು ಗಂಟಲಲ್ಲಿ ಇಳಿದಿಲ್ಲ ನಂಗೆ. ಈ ಮೂರ್ತಿಗೆ ಹಾಕೋಕೆ ನನ್ ಹತ್ರ ಹವಳ ಇತ್ತು, ಅದನ್ನ ಕೊಡ್ಬೋದಿತ್ತು. ಇಲ್ಲ, ಇದನ್ನೇ ಕೊಡ್ಬೇಕು ಅಂದೆ. ಅವತ್ತು ಅವನಿಗೆ ಮುಟ್ಟಿಸ್ಲಿಲ್ಲ. ಗುರುವಿನ ಕೈಲಾದ್ರೂ ಮುಟ್ಟಲಿ. ಈಗ ಅವನ ಕೊರಳಲ್ಲೇ ಇದೆ ಅಂತ ಅನ್ನಿಸತ್ತೆ ಕಣಪ್ಪಾ. ಮೊನ್ನೆಯಿಂದ ಊಟ ಸೇರ್ತಿದೆ.”

ಗೈಡು ತನ್ನ ನಿಲುವಂಗಿಯ ಬಿಳಿ ತೋಳಂಚಿನಲ್ಲಿ ಕಣ್ಣೊರೆಸಿಕೊಂಡ. ವಿದೇಶಿಯರಿಗೆ ಅವನು ಹೇಳಿದ್ದು ಎರಡೇ ಮಾತು. ಮೊಮ್ಮಗನಿಗಾಗಿ ತಾಯಿತ ಕೊಟ್ಟಿದ್ದಾಳೆ ಎಂದಷ್ಟೇ ಇರಬೇಕು. ಅವರು ತಲೆಬಾಗಿ ಕೈಮುಗಿದರು, ಒಬ್ಬ ಅಂಗೇಯ ಫೋಟೋ ತೆಗೆದ. ಆ ಬಿಳಿಕೂದಲಿನವಳು ತನಗೆ ಬರುತ್ತಿದ್ದ ನಮ್ಮ ಒಂದೇ ಒಂದು ಮಾತು, ‘ಕದ್ರಿಂಛೇ’, ಎಂದು ಧನ್ಯವಾದ ಹೇಳಿ ಎದ್ದಳು. ಹೊರಗೆ ಗಾಡಿ ಹೊರಟು ಹೋಯಿತು.

ನಾನು ತಿರುಗಿ ಯೂದೆನ್ ಮುಖ ನೋಡಿದೆ. ನಾನಾಗಿದ್ದರೆ ಅಲ್ಲೇ ಆ ಮುದುಕಿಯ ಜುಟ್ಟು ಹಿಡಿಯುತ್ತಿದ್ದೆ. ಒಂದು ಕೂಗು! ಒಂದು ಕೂಗಿಗೆ ಮಂಡಿ ನೋವಾ? ನನಗೇ ಮೈಯೆಲ್ಲ ಉರಿಯುತ್ತಿತ್ತು. ಯೂದೆನ್ ಮಾತ್ರ ತನ್ನ ತಾಯಿಯ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಮುದುಕಿ ಮತ್ತೆ ಮಣಿ ಹಿಡಿದು, ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ತೂಗುತ್ತಿದ್ದಳು. ಆಮೇಲೆ ಯೂದೆನ್ ಗೋಡೆ ಹಿಡಿದುಕೊಂಡು ಮೂರ್ತಿಯ ಹಿಂಬದಿಗೆ ನಡೆದಳು. ನಾವಿಬ್ಬರೂ ಹಿಂದೆ ಹೋದೆವು. ಕಿಂಡಿ ಮುಚ್ಚಿದ ಜಾಗ ಗೊತ್ತೇ ಆಗದ ಹಾಗೆ ಗೆಂಬೋ ಅದರ ಮೇಲೆ ಕೆಂಪು ಶಾಲಿನ ನಿರಿಗೆ ಬರೆದಿದ್ದ. ಅವಳು ಅಂದಾಜಿನ ಮೇಲೆ ಒಂದು ಕಡೆ ಅಂಗೈ ಇಟ್ಟಳು.

“ಇನ್ನೂ ಸ್ವಲ್ಪ ಮೇಲೆ,” ಅಂದ ಗೆಂಬೋ. ಅವನ ಕೈಯಲ್ಲಿ ಉಳಿ ಇತ್ತು. ಯಾವಾಗ ತಂದುಕೊಂಡನೋ ನನಗೆ ತಿಳಿಯದು.

ಅವಳು ಕೈಯನ್ನು ಮೇಲಕ್ಕೆ ಸರಿಸಿದಳು. ಮಣ್ಣು ಇನ್ನೂ ತಣ್ಣಗಿತ್ತು.

“ಬೇಡ,” ಅಂದಳು.

“ಏನ್ ಬೇಡ? ನಾನು ಹೇಳ್ತೀನಿ ಅಂದ್ನಲ್ಲ,” ಅಂದೆ. “ಈಗ್ಲೇ ಹೋಗಿ ಹೇಳ್ತೀನಿ. ಅಂಗೇ, ಅದರಲ್ಲಿ ನಿನ್ ಮೊಮ್ಮಗನ ದನಿ ಇತ್ತು, ವಾಪಸ್ ಕೇಳು ಅಂತೀನಿ. ಕೇಳಲ್ಲ ಅಂತಾಳಾ?”

“ಕೇಳ್ತಾಳೆ ಅಕ್ಕಾ. ಹೇಳಿದ ತಕ್ಷಣ ಕೇಳ್ತಾಳೆ. ಅದಕ್ಕೇ ಹೇಳ್ಬೇಡ ಅಂತಿರೋದು.”

ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಹಾಗೆ ನಿಂತೆವು ನಾವು ಮೂವರು ಆ ಕತ್ತಲೆ ಮೂಲೆಯಲ್ಲಿ. ಬೈಯೋಣವೆಂದರೆ ಬೈಯಿಸಿಕೊಳ್ಳಲು ಯಾರೂ ಇರಲಿಲ್ಲ. ಯೂದೆನ್ ಇಟ್ಟ ಜಾಗ ಸರಿ. ಅಂಗೇ ಕೊಟ್ಟದ್ದು ಸರಿ. ಎದೆಯ ಹತ್ತಿರ ಇಟ್ಟ ಗೆಂಬೋ ಸರಿ. ಲಾಮಾ ಹೇಳಿದ್ದೂ ಸರಿ. ಎಲ್ಲರೂ ಸರಿ ಇದ್ದು ಇಂಥದ್ದೊಂದು ಆಗುತ್ತದೆ ಎಂದರೆ ನಾನು ಯಾರ ಮೇಲೆ ಕೂಗಾಡಲಿ? ಸುಮ್ಮನೆ ಗೆಂಬೋನ ಮೇಲೆ ರೇಗಿದೆ, “ಆ ಉಳಿ ಒಳಗಿಡೋ, ಯಾರಾದ್ರೂ ನೋಡ್ತಾರೆ,” ಎಂದು. ಪಾಪ, ಅವನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬ್ರಶ್ಶು ತೆಗೆದುಕೊಂಡು ಏಣಿ ಹತ್ತಿದ. ಆ ದಿನ ಅವನು ಎಳೆದ ಚಿನ್ನದ ಗೆರೆ ಸ್ವಲ್ಪ ಸೊಟ್ಟಗಿದೆ.

ಮಾರನೆಯ ಬೆಳಿಗ್ಗೆ ಊರಿಗೆ ಊರೇ ಗುಡಿಯಲ್ಲಿತ್ತು. ಉದ್ದ ಕಹಳೆ ಊದಿದರು. ನಾನು ರೇಷ್ಮೆಯ ಕಿರಾ ಉಟ್ಟು ಬೆಣ್ಣೆ ಚಹಾ ಬಡಿಸುತ್ತಿದ್ದೆ. ಕೈ ಕೆಲಸ ಮಾಡುತ್ತಿತ್ತು, ಕಣ್ಣೆಲ್ಲ ಯೂದೆನ್ ಮೇಲೆ. ಅವಳು ಅಂಗೇಯ ಪಕ್ಕದಲ್ಲಿ ಕೂತಿದ್ದಳು. ಲಾಮಾ ಪೂಜೆಗೆ ಕೂರುವ ಮುನ್ನ ಒಂದು ಸಲ ಜನರ ಕಡೆ ತಿರುಗಿದರು. ಅವರಿಗೆ ಎಲ್ಲ ಗೊತ್ತಿತ್ತು, ಆದರೂ ಯಾರ ಹೆಸರನ್ನೂ ಎತ್ತಲಿಲ್ಲ.

“ಒಪ್ಪಿಸಿದ್ದರಲ್ಲಿ ವಾಪಸ್ ಬೇಕಾದ್ದು ಯಾರದಾದ್ರೂ ಇದ್ಯಾ?” ಎಂದು ಕೇಳಿದರು. “ಇದ್ದರೆ ಈಗ್ಲೇ ಹೇಳ್ಬೇಕು.”

ಗುಡಿಯಲ್ಲಿ ನಗು ಎದ್ದಿತು. “ಕೊಟ್ಟ ಮೇಲೆ ಕೇಳೋ ಜಿಪುಣ ಯಾರಪ್ಪಾ ಇಲ್ಲಿ!” ಎಂದು ಹಿಂದಿನಿಂದ ಯಾವನೋ ಕೂಗಿದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಂಗೇ. “ನನ್ನದಂತೂ ಇಲ್ಲ ಲಾಮಾ!” ಅಂದಳು, ಹಲ್ಲಿಲ್ಲದ ಬಾಯಿ ಅಗಲಿಸಿ. ನಾನು ಬಾಯಿ ತೆರೆದೆ. ಜೀವಮಾನವೆಲ್ಲ ಬೇಡದ ಕಡೆಯೆಲ್ಲ ಮಾತಾಡಿದ ಬಾಯಿ ಇದು. ನಾಲಿಗೆ ಹೊರಳಲೇ ಇಲ್ಲ. ಯೂದೆನ್ ನನ್ನ ಕಡೆಯೇ ನೋಡುತ್ತಿದ್ದಳು, ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದಳು. ಕೆಟಲಿನಿಂದ ಚಹಾ ಸುರಿದು ಯಾರದೋ ಮಡಿಲು ಒದ್ದೆಯಾಯಿತು, ಬೈಸಿಕೊಂಡೆ.

ಮಂತ್ರ ಶುರುವಾಯಿತು. ಅಕ್ಕಿ ತೂರಿದರು. ಗೆಂಬೋ ಏಣಿ ಹತ್ತಿ, ಉಸಿರು ತಾಗಬಾರದೆಂದು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗುರುವಿನ ಎರಡೂ ಕಣ್ಣಿಗೆ ಕಪ್ಪು ಬೊಟ್ಟು ಇಟ್ಟ. ಗುರು ನಮ್ಮನ್ನು ನೋಡಿದ. ಊರೆಲ್ಲ ನೆಲಕ್ಕೆ ಬಿತ್ತು. ಅಂಗೇ ಮಗಳ ಕೈಯನ್ನು ಎತ್ತಿ ತನ್ನ ಹಣೆಗೆ ಒತ್ತಿಕೊಂಡು, “ಇನ್ನು ಅವನಿಗೆ ಯಾವ ಭಯಾನೂ ಇಲ್ಲ ಕಣೇ, ನೀನು ಅಳ್ಬೇಡ,” ಅಂದಳು. ಯೂದೆನ್ “ಇಲ್ಲಮ್ಮಾ, ಅಳಲ್ಲ,” ಅಂದಳು. ಅತ್ತಳೂ ಇಲ್ಲ. ನನಗೆ ಅದೇ ತಡೆಯಲಾಗಲಿಲ್ಲ, ಅಡುಗೆಮನೆಗೆ ಹೋಗಿ ಒಲೆಯ ಹೊಗೆಯ ನೆಪ ಹೇಳಿ ಅತ್ತೆ.

ಆಮೇಲೆ ಆಲೂಗಡ್ಡೆಯ ಕೊನೆಯ ಕುಯಿಲು ಬಂತು. ಲೋದೇನ ಪೂಜೆ ಮುಗಿದಿತ್ತು, ಅವನ ಹೆಸರಿನಲ್ಲಿ ಮಂತ್ರ ಬರೆದ ಧ್ವಜಗಳನ್ನು ಬೆಟ್ಟದ ಮೇಲೆ ನೆಟ್ಟು ಬಂದಿದ್ದೆವು. ಒಂದು ದಿನ ಹೊಲದಲ್ಲಿ ಯೂದೆನ್ ನನ್ನ ಸಾಲಿಗೇ ಬಂದು ಗುದ್ದಲಿ ಹಾಕುತ್ತಿದ್ದಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಮಣ್ಣು ಕೊಡವಿಕೊಂಡು ಕೇಳಿದಳು:

“ಅಕ್ಕಾ, ಅವನು ‘ಆಮಾ’ ಅಂತಿದ್ನಲ್ಲ, ಹೇಗೆ ಅಂತಿದ್ದ?”

“ಹೇಗೆ ಅಂದ್ರೆ?”

“ಕೊನೇಲಿ ಒಂಚೂರು ಎಳೀತಿದ್ದ. ಅದು ಮೇಲಕ್ಕೆ ಹೋಗ್ತಿತ್ತಾ, ಕೆಳಕ್ಕೆ ಬರ್ತಿತ್ತಾ? ನಿನ್ನೆಯಿಂದ ನೆನಪು ಮಾಡ್ಕೊತಿದೀನಿ. ಬರ್ತಿಲ್ಲ. ನೀನು ಒಂದ್ಸಲ ಅನ್ನು.”

ಸುತ್ತ ನೋಡಿದೆ. ಅಂಗೇ ಬದುವಿನ ಮೇಲೆ ಬಿಸಿಲಿಗೆ ಕೂತು ಗೆಡ್ಡೆ ಆರಿಸುತ್ತಿದ್ದಳು. ನಾನು ಮೆಲ್ಲಗೆ ಅಂದೆ, “ಆಮಾ.”

“ಹಾಗಲ್ಲ.”

ಗಂಟಲು ದಪ್ಪ ಮಾಡಿಕೊಂಡು, ಕೊನೆಯನ್ನು ಎಳೆದು, ಇನ್ನೊಂದು ಸಲ ಅಂದೆ. ನನಗೇ ಗೊತ್ತಾಯಿತು, ಅದು ನನ್ನ ದನಿ, ಮುದಿ ಹೆಂಗಸಿನದು. ಅವನ ನಗು, ಅವನ ತುಂಟತನ ಅದರಲ್ಲಿ ಒಂದಿಷ್ಟೂ ಇರಲಿಲ್ಲ.

“ಹಾಗಲ್ಲ ಅಕ್ಕಾ,” ಅಂದಳು ಯೂದೆನ್. ಗುದ್ದಲಿಯ ಹಿಡಿಯ ಮೇಲೆ ಗಲ್ಲ ಇಟ್ಟುಕೊಂಡು, ಕಣ್ಣು ಮುಚ್ಚಿಕೊಂಡಳು. “ಇರ್ಲಿ ಬಿಡು. ಹಾಗೇ ಇನ್ನೊಂದ್ಸಲ ಅನ್ನು.”

ಅಂದೆ.